ಪಿನ್ನಿಗೆ ಕಟ್ಟಿದ ದಾರ

ಅಂಗಡಿಗಳಲ್ಲಿ ಬೆಂಕಿ ಆರಿಸುವ ಸಿಲಿಂಡರುಗಳ ತಪಾಸಣೆ ಮಾಡುವುದು ನನ್ನ ಕೆಲಸ. ಬೇಸಿಗೆ ಬಂತೆಂದರೆ ಎಲ್ಲಕ್ಕಿಂತ ಮೊದಲು ನನ್ನ ತಲೆಯೇ ಕಾಯುತ್ತದೆ. ಗಂಗಾವತಿಯ ಸೀರೆ ಅಂಗಡಿಗೆ ಕಾಲಿಟ್ಟಾಗಲೂ ಹಾಗೇ ಇತ್ತು.

"ಬರ್ರಿ ಸರ, ಭಾಳ ಜ್ವಾಕಿಲೆ ಇಟ್ಟೀವ್ರಿ," ಎಂದರು ಅಂಗಡಿಯ ಶಾಂತಕ್ಕ. ಸಿಲಿಂಡರಿಗೆ ವಿಭೂತಿ, ಕುಂಕುಮ ಎಲ್ಲ ಆಗಿತ್ತು. ಆಯುಧ ಪೂಜೆಯ ದಾರವನ್ನು ಮಾತ್ರ ಪಿನ್ನಿಗೇ ಸುತ್ತಿ ಗಂಟು ಹಾಕಿದ್ದರು. ಆ ಪಿನ್ನು ಎಳೆಯದೆ ಸಿಲಿಂಡರು ಕೆಲಸ ಮಾಡುವುದಿಲ್ಲ.

"ಎಳೀರಿ ನೋಡೋಣು," ಎಂದೆ. ಎಳೆದರು. ಅಲುಗಲಿಲ್ಲ.

"ಸೀರಿಗೆ ಬೆಂಕಿ ಹತ್ತಿದ್ರ ಏನ್ ಮಾಡ್ತೀರಿ? ಕೈ ಮುಗದು ನಿಂದರ್ತೀರೇನು?" ಎಂದು ರೇಗಿದೆ.

ಅಕ್ಕ ಸಿಟ್ಟಾಗಲಿಲ್ಲ. "ಪೂಜಿ ದಾರ ಕತ್ತರಸಬಾರದ್ರಿ," ಎನ್ನುತ್ತ ಉಗುರಿನಿಂದ ಗಂಟು ಬಿಚ್ಚಿದರು. ಪಿನ್ನು ಈಗ ಸಲೀಸಾಗಿ ಬಂತು. ದಾರ ಎಲ್ಲಿಡುವುದೆಂದು ಸುತ್ತ ನೋಡಿ, ಕೊನೆಗೆ ನನ್ನ ಮಣಿಕಟ್ಟಿಗೆ ಕಟ್ಟಿದರು.

"ನನಗ್ಯಾಕ್ರೀ ಅಕ್ಕಾ?"

"ಬಿಸಲಾಗ ಅಡ್ಡಾಡ್ತಿ, ಲಗೂನ ಹೊತ್ತಿ ಉರೀತಿ. ನಿನ್ನ ಪಿನ್ನು ಬಿಗಿ ಇರ್ಲಿ ತಮ್ಮಾ," ಎಂದು ಮಜ್ಜಿಗೆ ಕೊಟ್ಟರು.

ಮರುದಿನ ಕುಷ್ಟಗಿಯ ಒಂದು ಅಂಗಡಿಯಲ್ಲಿ ಸಿಲಿಂಡರಿನ ಮೇಲೆ ಹಸಿ ಟಾವೆಲ್ ಒಣಹಾಕಿದ್ದರು. ಬೈಯಲು ಬಾಯಿ ತೆರೆದವನು ಮಣಿಕಟ್ಟು ನೋಡಿಕೊಂಡೆ.

"ಅದು ಒಣಗಿದ ಮ್ಯಾಲ ಸ್ವಲ್ಪ ತಗೀತೀರೇನ್ರಿ?" ಎಂದೆ.