ಎರಡನೆಯ ನಳಿಕೆಯ ರಕ್ತ

ನಾನು ಅಳೆದದ್ದು ಸರಿಯಾಗಿತ್ತು. ಆದರೂ ವಡೋದರಾದ ನಮ್ಮ ಕನ್ನಡ ಸಂಘದ ರಕ್ತದಾನ ಶಿಬಿರದಲ್ಲಿ, ತುಂಬಿದ ಸಭೆಯೆದುರು, ನನ್ನನ್ನು ಕಣ್ಣು ಕಾಣದ ಮುದುಕನನ್ನಾಗಿ ಮಾಡಿದರು.

ಅಹಮದಾಬಾದಿನ ನವರಂಗಪುರದ ರಕ್ತಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದವನು ನಾನು. ದಾನಿಗಳ ತಪಾಸಣೆ ನನ್ನ ಪಾಲಿಗೆ ಬಂದಿತ್ತು. ಬೆರಳು ಚುಚ್ಚಿ, ಕೂದಲಿನಷ್ಟು ಸಣ್ಣ ರಂಧ್ರದ ಗಾಜಿನ ನಳಿಕೆಗೆ ರಕ್ತ ಏರಿಸಿ, ತುದಿಯನ್ನು ಜೇಡಿಮಣ್ಣಿನಿಂದ ಮುಚ್ಚಿ, ಯಂತ್ರದಲ್ಲಿ ಐದು ನಿಮಿಷ ತಿರುಗಿಸಬೇಕು. ಕೆಂಪು ಕಣಗಳು ತಳಕ್ಕಿಳಿಯುತ್ತವೆ, ತಿಳಿಹಳದಿ ದ್ರವ ಮೇಲುಳಿಯುತ್ತದೆ. ನೂರರಲ್ಲಿ ಕೆಂಪು ಎಷ್ಟು ಪಾಲು ಎಂಬುದೇ ಅಳತೆ. ಗಂಡಸು ರಕ್ತ ಕೊಡಬೇಕಾದರೆ ಮೂವತ್ತೆಂಟಾದರೂ ಇರಬೇಕು.

ಮೊದಲು ಅಧ್ಯಕ್ಷರೇ ಮಲಗಬೇಕೆಂಬುದು ನಮ್ಮ ಸಂಘದ ಪದ್ಧತಿ. ಅವರು ಇಲ್ಲಿಯ ಗೋರ್ವಾ ಬಡಾವಣೆಯಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯವರು. ಅವರ ಅಳತೆ ಮೂವತ್ತೆರಡು ಬಂತು. ಕೊಡಬಾರದು ಎಂದೆ.

"ಎಂಥದು ಮಾರಾಯ್ರೇ! ಊರಿಗೆಲ್ಲ ಊಟ ಹಾಕುವವ ನಾನು, ನನಗೇ ರಕ್ತ ಕಡಿಮೆಯಾ?" ಎಂದು ನಕ್ಕು ಅವರು ಅತಿಥಿಗಳತ್ತ ಹೋದರು.

ಕಾರ್ಯದರ್ಶಿ ಧ್ವನಿ ಏರಿಸಿದರು: "ಸಾರ್, ಮೊದಲು ನಿಮ್ಮ ಕನ್ನಡಕದ ನಂಬರು ಚೆಕ್ ಮಾಡಿಸಿ. ಪ್ರೆಸಿಡೆಂಟ್ರೇ ಮಲಗದಿದ್ರೆ ಫೋಟೋದಲ್ಲಿ ಯಾರು, ನಿಮ್ಮ ಮಷೀನಾ?"

ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ನನ್ನ ಮೊಮ್ಮಗಳೂ ನಕ್ಕಳು.

ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿಯೇ ಇನ್ನೊಂದು ನಳಿಕೆ ತುಂಬಿಸಿ ತಂದರು. "ಇದು ಅವರದ್ದೇ. ಈಗ ನೋಡಿ." ಕಾರ್ಯದರ್ಶಿಯ ಹೆಬ್ಬೆರಳು ತಮ್ಮದೇ ತೋರುಬೆರಳಿಗೆ ಹತ್ತಿಯನ್ನು ಒತ್ತಿಕೊಂಡಿತ್ತು. ತಿರುಗಿಸಿದೆ, ನಲವತ್ನಾಲ್ಕು. ಯಾರ ರಕ್ತವೆಂದು ನನಗೆ ತಿಳಿದಿತ್ತು. ಆದರೂ ಅಧ್ಯಕ್ಷರ ಚೀಟಿಯಲ್ಲಿ ನಲವತ್ನಾಲ್ಕೆಂದು ಬರೆದು ಸಹಿ ಹಾಕಿದೆ. ನನ್ನನ್ನು ಯಾರೂ ಬೆದರಿಸಲಿಲ್ಲ. ಆ ನಗು ನಿಂತರೆ ಸಾಕಾಗಿತ್ತು ನನಗೆ. ಇದನ್ನು ಬರೆಯುವಾಗಲೂ ತಲೆ ತಗ್ಗುತ್ತದೆ.

ಮೊದಲಿನ ನಳಿಕೆಯನ್ನೇ ಮತ್ತೆ ತಿರುಗಿಸಿದಾಗ ಸರಿ ಬಂತೆಂದು ಕಾರ್ಯದರ್ಶಿ ಅಧ್ಯಕ್ಷರಿಗೆ ಹೇಳಿದರು. ಅವರು ನಂಬಿ ಮಲಗಿದರು, ರಕ್ತ ಕೊಟ್ಟರು.

ನಾಲ್ಕು ತಿಂಗಳ ನಂತರ ಅವರನ್ನು ಅಹಮದಾಬಾದಿನ ಆಸ್ಪತ್ರೆಗೆ ಸೇರಿಸಿದರು. ಹೊಟ್ಟೆಯೊಳಗಿನ ಹುಣ್ಣಿನಿಂದ ಬಹುಕಾಲದಿಂದ ರಕ್ತ ಸೋರುತ್ತಿತ್ತಂತೆ. ನೋಡಲು ಹೋದಾಗ ಅವರ ಹೆಂಡತಿ ನನ್ನ ಬಳಿ ಬಂದು ಕುಳಿತರು.

"ಅವತ್ತು ಎಲ್ಲ ಸರಿ ಉಂಟು ಅಂತ ನೀವೇ ಬರೆದು ಕೊಟ್ಟದ್ದಲ್ವಾ ಅಣ್ಣ? ಆಮೇಲೆ ಇವರು ಸುಸ್ತು ಅಂದಾಗೆಲ್ಲ ನಾನೇ ಬೈದೆ, ಸೋಮಾರಿತನ ಅಂತ."

ಎದುರಿಗೇ ನಿಂತಿದ್ದ ಕಾರ್ಯದರ್ಶಿ ಮೊಬೈಲು ನೋಡುತ್ತಿದ್ದರು. ನಾನು ತಂದಿದ್ದ ಹಣ್ಣಿನ ಚೀಲವನ್ನು ಆಕೆಯ ಕೈಗಿಟ್ಟು ಎದ್ದು ಬಂದೆ.

ನನ್ನ ಪಾಲಿನ ತಪ್ಪನ್ನು ಇಲ್ಲಿ ಒಪ್ಪಿಕೊಂಡಿದ್ದೇನೆ. ಆ ತಾಯಿಯೆದುರೂ ಒಪ್ಪಿಕೊಳ್ಳುತ್ತೇನೆ. ಕಾರ್ಯದರ್ಶಿಗಳೇ, ಗಂಡನನ್ನು ಬೈದೆನಲ್ಲ ಎಂದು ಆಕೆ ಇಂದಿಗೂ ಕೊರಗುತ್ತಿರುವಾಗ, ಆ ರಕ್ತ ನಿಮ್ಮದೆಂದು ಹೇಳಲು ನೀವು ನನ್ನ ಜೊತೆ ಬರುತ್ತೀರಾ, ಇಲ್ಲವಾ?