ಸೇತುವೆಗೆ ಮಗನ ಹೆಸರು

ದೋಣಿಯಣ್ಣನಿಗೆ ಆ ವಾರವಿಡೀ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೊಳೆಗೆ ಹೊಸ ಸೇತುವೆ ಕಟ್ಟಿ ಮುಗಿದಿತ್ತು. ಯುದ್ಧದಲ್ಲಿ ಸತ್ತ ಅವನ ಮಗನ ಹೆಸರನ್ನೇ ಅದಕ್ಕೆ ಇಡೋಣವೆಂದು ಊರವರು ತೀರ್ಮಾನಿಸಿದ್ದರು; ಅಪ್ಪನಾದವನು ಹೂಂ ಎನ್ನುವುದೊಂದೇ ಬಾಕಿ. ಅದನ್ನು ಅವನು ನಾಳೆ ನಾಳೆ ಎಂದು ಮುಂದೂಡುತ್ತಿದ್ದ.

ಹೊಟ್ಟೆಪಾಡು ಹೋಗುತ್ತದೆಂಬ ಸಂಕಟ ಎಂದು ಕೆಲವರು ಆಡಿಕೊಂಡರು. ಅದಲ್ಲ. ಹುಟ್ಟು ಹಾಕಿ ಹಾಕಿ ಹೆಗಲು ಸೋತಿತ್ತು. ದೋಣಿ ನಿಂತರೆ ನಿಲ್ಲಲಿ ಎಂದು ಅವನೇ ಎಷ್ಟೋ ಸಲ ಅಂದಿದ್ದ. ಚುಚ್ಚಿದ್ದು ಲಾರಿ ಡ್ರೈವರನ ಮಾತು. ಚಹಾದಂಗಡಿಯಲ್ಲಿ ಅವನು ಅಕ್ಕರೆಯಿಂದಲೇ ಹೇಳಿದ್ದ: "ಇನ್ಮೇಲೆ ದಿನಾ ನಿನ್ನ ಮಗನ ಮೇಲೇ ಲಾರಿ ಓಡಿಸ್ಬೇಕು ನೋಡಣ್ಣ." ಹೇಳಿದವನೇ ನಾಲಿಗೆ ಕಚ್ಚಿಕೊಂಡ. ಅಂದಿನಿಂದ ದೋಣಿಯಣ್ಣನ ಕಿವಿಯಲ್ಲಿ ಬರೀ ಚಕ್ರಗಳ ಸದ್ದು. ನಾಳೆ ಮಗನ ಮೇಲೆ ಉಗುಳುತ್ತಾರೆ, ಅವನು ಬಿರುಕು ಬಿಟ್ಟ ಎನ್ನುತ್ತಾರೆ, ಗುತ್ತಿಗೆದಾರನನ್ನು ಬೈಯಲು ಅವನ ಹೆಸರು ಎತ್ತುತ್ತಾರೆ.

ಆಚೆ ದಡದಿಂದ ಯಾರಾದರೂ "ದೋಣೀ" ಎಂದು ಕೂಗಿದರೆ ಈಚೆಯಿಂದ ದೋಣಿ ಬಿಡುವುದು ರೂಢಿ. ರಜೆಗೆ ಬಂದ ಮಗ ಮಾತ್ರ ಟ್ರಂಕು ಇಳಿಸಿ, "ಅಪ್ಪಾ, ಗಿರಾಕಿ ಬೇಕಾ?" ಎನ್ನುತ್ತಿದ್ದ. ನಡುನೀರಿಗೆ ಬರುವಷ್ಟರಲ್ಲಿ ಹುಟ್ಟು ಅವನ ಕೈಯಲ್ಲಿರುತ್ತಿತ್ತು.

ಅವನನ್ನು ತರುತ್ತಾರೆಂಬ ಸುದ್ದಿ ಬಂದ ದಿನ ದೋಣಿಯಣ್ಣ ದೋಣಿ ತೊಳೆದು, ಒಳಗೆ ಹಲಗೆ ಹಾಸಿ, ಆಚೆ ದಡಕ್ಕೆ ಹೋಗಿ ಕಾದು ನಿಂತ. ಊರಿಗೆ ಬರುವವರೆಲ್ಲ ಬರುವುದು ಅಲ್ಲಿಂದಲೇ. ಬೇರೆ ದಾರಿ ಇದೆಯೆಂಬುದೇ ಅವನಿಗೆ ತೋಚಲಿಲ್ಲ. ಸೈನ್ಯದ ವಾಹನ ಗುಡ್ಡ ಸುತ್ತಿ ಬಂದು ಪೆಟ್ಟಿಗೆಯನ್ನು ಮನೆಯಂಗಳದಲ್ಲಿ ಇಳಿಸಿತು. ಹೆಂಡತಿ ಒಬ್ಬಳೇ ಎದುರುಗೊಂಡಳು. ಅದನ್ನು ತಿಳಿಸಲು ಈಚೆ ದಡದಿಂದ ಯಾರೋ ಕೈಬೀಸಿ ಕರೆದರೆ, ಈಗ ಬೇರೆ ಗಿರಾಕಿಗೆ ಪುರುಸೊತ್ತಿಲ್ಲವೆಂದು ಇವನು ತಲೆಯಾಡಿಸಿದ್ದ.

ಈಗ ಸೇತುವೆಗೆ ಆ ಹೆಸರು ಬೇಡವೆಂದು ಹೇಳಿಬಿಡುವುದೇ ಸರಿ ಅನ್ನಿಸಿತು. ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಇವನು ಒಳಗೂ ಹೊರಗೂ ತಿರುಗುತ್ತ ಲಾರಿಯವನ ಮಾತನ್ನು ಹೇಳಿದ. ನೆಲ ಸವೆಯುತ್ತದೆ, ಒಂದು ಕಡೆ ಕೂತುಕೊಳ್ಳಿ ಎಂದಳು. ಕೂರಲಿಲ್ಲ.

"ಈ ಮನೇಲಿ ಅವನ ಹೆಸರು ಎತ್ತಿದೋರು ಯಾರು, ಹೇಳಿ?" ಎಂದಳು ಅವಳು, ಮಡಚುತ್ತಿದ್ದ ಬಟ್ಟೆ ಬಿಟ್ಟು. "ನೀವು ಎತ್ತಲ್ಲ. ನಿಮಗೆ ನೋವಾಗುತ್ತೆ ಅಂತ ನಾನೂ ಎತ್ತಲ್ಲ. ಬೈಯೋಕಾದ್ರೂ ಯಾರಾದ್ರೂ ಕರೀಲಿ ಬಿಡಿ."

ಅವನು ಚಪ್ಪಲಿಯನ್ನೂ ಮೆಟ್ಟದೆ ಊರ ಯಜಮಾನರ ಮನೆಗೆ ನಡೆದು, ಬಾಗಿಲಲ್ಲೇ ನಿಂತು ಹೂಂ ಅಂದ. ಉದ್ಘಾಟನೆಯ ದಿನ ಟೇಪು ಕತ್ತರಿಸುವುದಕ್ಕೆ ಮಾತ್ರ ಒಪ್ಪಲಿಲ್ಲ. ಅವತ್ತು ದೋಣಿ ಬಿಡಬೇಕು ಎಂದ. ಬಿಟ್ಟಿ ಸೇತುವೆ ಇರುವಾಗ ನಿನ್ನ ದೋಣಿಗೆ ಯಾರಪ್ಪ ಹತ್ತುತ್ತಾರೆ ಎಂದು ಯಜಮಾನರು ನಕ್ಕರು.

"ನಮ್ಮನೆಯವಳು ಹತ್ತುತ್ತಾಳೆ. ನೀರಿಂದ ಕಾಣೋ ಹಾಗೆ ದೊಡ್ಡದಾಗಿ ಬರೆಸಿ."

ಯಾವ ಹೆಸರು ಬರೆಸಲಿ, ಶಾಲೆಯದೋ ಮನೆಯಲ್ಲಿ ಕರೆಯುತ್ತಿದ್ದದ್ದೋ ಎಂದು ಯಜಮಾನರು ಕೇಳಿದರು. ದೋಣಿಯಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. ತೊದಲುತ್ತ ಮಗನ ಹೆಸರು ಹೇಳಿದ. ಯಜಮಾನರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ.