ಮುಳುಗುವ ಹಡಗೂ ನಮ್ಮ ಮನೆಯ ಫೋನೂ

ಸಮುದ್ರದ ಮೇಲೆ ತೇಲುವ ಹಡಗನ್ನು ನಾನು ನೋಡಿದ್ದು ಒಂದೇ ಸಲ, ಅದೂ ಮುಂಬಯಿಯ ದಂಡೆಯಲ್ಲಿ ನಿಂತು, ಬಹಳ ದೂರದಿಂದ. ಮುಳುಗುವ ಹಡಗನ್ನು ಮಾತ್ರ ಬೇಡವೆಂದರೂ ಮತ್ತೆ ಮತ್ತೆ ನೋಡಿದ್ದೇನೆ. ನೋಡಿದ್ದು ಪುಣೆಯ ಕೋಥರೂಡದಲ್ಲಿ, ನಮ್ಮ ಸೊಸಾಯಿಟಿಯ ಅಂಗಳದಲ್ಲಿ, ನಮ್ಮ ಮನೆಯ ಗ್ಯಾಲರಿಯ ಕೆಳಗೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಟೈಟಾನಿಕ್ ಎಂಬ ಆ ಹಡಗು ಹಿಮದ ಗುಡ್ಡಕ್ಕೆ ಬಡಿದು ಮುಳುಗಿದಾಗ ನನ್ನ ತಂದೆ ಇನ್ನೂ ಹುಟ್ಟಿರಲಿಲ್ಲ. ಆದರೆ ಅದರ ಮೇಲೊಂದು ಸಿನಿಮಾ ಬಂದದ್ದೇ ತಡ, ಅದು ನಿನ್ನೆ ತಾನೇ ನಮ್ಮೂರ ಮುಠಾ ನದಿಯಲ್ಲಿ ಮುಳುಗಿತೋ ಎಂಬಂತೆ ಊರಿಗೆ ಊರೇ ಅದರ ಹುಚ್ಚು ಹಿಡಿಸಿಕೊಂಡಿತು. ರಿಕ್ಷಾಗಳ ಬೆನ್ನ ಮೇಲೆ ಅದೇ ಹಡಗು. ಕ್ಷೌರದ ಅಂಗಡಿಗಳಲ್ಲಿ ಅದರ ನಾಯಕನ ಹಣೆಗೂದಲು. ಭಾನುವಾರ ಖಡಕವಾಸಲಾ ಅಣೆಕಟ್ಟಿನ ಕಡೆಗೆ ಹೋದರೆ ಕಟ್ಟೆಯ ಉದ್ದಕ್ಕೂ ಜೋಡಿಗಳು ಕೈ ಚಾಚಿ ನಿಂತಿರುತ್ತಿದ್ದವು. ಸುಟ್ಟ ಮೆಕ್ಕೆತೆನೆ ಮಾರುವವನು ಆ ಕೈಗಳ ಕೆಳಗೆ ಬಗ್ಗಿ ಬಗ್ಗಿ ದಾಟುತ್ತಿದ್ದ. ನಮ್ಮ ಸಂಬಂಧಿಕರೊಬ್ಬರ ಮದುವೆಯ ವೀಡಿಯೋದಲ್ಲಿ ಬಾಸಿಂಗ ಕಟ್ಟಿದ ಗಂಡುಹೆಣ್ಣುಗಳನ್ನು ಅದೇ ಹಡಗಿನ ಮೂತಿಯ ಮೇಲೆ ತಂದು ನಿಲ್ಲಿಸಿದ್ದರು. ಹೊಸ ಸಂಸಾರಕ್ಕೆ ಇದಕ್ಕಿಂತ ಗಟ್ಟಿಯಾದ ವಾಹನ ಸಿಗಲಿಲ್ಲವೇ ಎಂದು ನಾನು ಕೇಳಿದೆ. ನನ್ನ ಹೆಂಡತಿ ನನ್ನ ತೋಳು ಚಿವುಟಿದಳು.

ಇಷ್ಟಕ್ಕೇ ಮುಗಿದಿದ್ದರೆ ಸಹಿಸುತ್ತಿದ್ದೆ. ಗಣೇಶೋತ್ಸವ ಬಂತು. ಪುಣೆಯಲ್ಲಿ ಗಣಪತಿಯನ್ನು ಸುಮ್ಮನೆ ಕೂಡಿಸಿದರೆ ನಡೆಯುವುದಿಲ್ಲ. ಅವನ ಸುತ್ತ ಮೋಟರಿನಿಂದ ಓಡಾಡುವ ಒಂದು ದೃಶ್ಯ, ಇಲ್ಲಿಯವರು ಹೇಳುವ ದೇಖಾವೆ, ಬೇಕು. ನಮ್ಮ ಮಂಡಳದ ಅಧ್ಯಕ್ಷರು ಗುರುಪಾದ ಶೇಠರು, ಗೋಕಾಕ ಕಡೆಯಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಇಟ್ಟವರು. ಈ ವರ್ಷ ಹಡಗೇ ಎಂದು ಅವರು ಸಾರಿಬಿಟ್ಟರು. ಆಮೇಲೆ ಸಭೆಯಲ್ಲಿ ನಿಜವಾದ ಸಂಕಟ ಎದ್ದಿತು: ಗಣಪತಿ ಎಲ್ಲಿ ಕೂಡಬೇಕು? ಹಡಗಿನಲ್ಲಿ ಕೂಡಿಸಿದರೆ ವಿಸರ್ಜನೆಗೆ ಮೊದಲೇ ದಿನಾ ಮುಳುಗಬೇಕಾಗುತ್ತದೆ, ಶಾಸ್ತ್ರ ಒಪ್ಪುವುದಿಲ್ಲ. ಚರ್ಚೆ ನಡೆದೂ ನಡೆದೂ, ಕೊನೆಗೆ ಅವನನ್ನು ಥರ್ಮೋಕೋಲಿನ ಹಿಮಗುಡ್ಡದ ಮೇಲೆ ಕೂಡಿಸಿದರು. ಕೈಲಾಸವೂ ಹಿಮವೇ ಅಲ್ಲವೇ ಎಂದು ಸಮಾಧಾನ. ಹೀಗೆ ನಮ್ಮ ವಿಘ್ನಹರ್ತ ವಿಘ್ನದ ತುದಿಯಲ್ಲೇ ಕುಳಿತ. ಹಡಗು ಪ್ರತಿ ಆಟದಲ್ಲೂ ತಪ್ಪದೆ ಬಂದು ಅವನ ಪಾದದ ಬುಡಕ್ಕೆ ಬಡಿದು ಎರಡು ಹೋಳಾಗುತ್ತಿತ್ತು. ಕೂಡಲೇ ಧ್ವನಿವರ್ಧಕದಲ್ಲಿ ಆ ವಿಲಾಯತಿ ಪ್ರಯಾಣಿಕರೆಲ್ಲ ಅಚ್ಚ ಮರಾಠಿಯಲ್ಲಿ "ವಾಚವಾ, ವಾಚವಾ" ಎಂದು ಕೂಗುತ್ತಿದ್ದರು. ಕಾಪಾಡಿ ಎಂಬ ಆ ಕೂಗು ನಮ್ಮ ಮಂಡಳದ ಹೆಂಗಸರು ಗಂಡಸರದೇ, ಮೊದಲೇ ಧ್ವನಿಮುದ್ರಿಸಿಟ್ಟದ್ದು. ಕಿಟಕಿಯ ಗಾಜು ಅದುರುತ್ತಿತ್ತು.

ನಮ್ಮ ಮೇಲಿನ ಮನೆಯಲ್ಲಿ ಸುನಂದಾ ಇದ್ದಳು, ವಿಜಯಪುರದ ಹುಡುಗಿ. ಅವಳ ಗಂಡ ಪ್ರಕಾಶ ಸರಕು ಸಾಗಿಸುವ ಹಡಗೊಂದರ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಅವರಿಗಿನ್ನೂ ಫೋನು ಸಿಕ್ಕಿರಲಿಲ್ಲ. ಹಡಗು ಬಂದರು ಮುಟ್ಟಿದಾಗಲೆಲ್ಲ ಅವನು ನಮ್ಮ ಮನೆಗೆ ಫೋನು ಮಾಡುತ್ತಿದ್ದ. ಆ ಸಲದ ಫೋನು ಚೌತಿಗೆ ಮೊದಲೇ ಬರಬೇಕಿತ್ತು. ಬಂದಿರಲಿಲ್ಲ. ಕಂಪನಿಯ ಆಫೀಸಿನಲ್ಲಿ ಕೇಳಿದರೆ, ತಡವಾಗಿದೆ, ತಿಳಿಸುತ್ತೇವೆ ಎಂಬ ಮಾತಷ್ಟೇ. ಅವಳು ಸಂಜೆಯಾದೊಡನೆ ನಮ್ಮಲ್ಲಿಗೆ ಬಂದು ಕೂಡುತ್ತಿದ್ದಳು. ಕೆಳಗೆ ಹಡಗು ಒಡೆಯುತ್ತಿತ್ತು. ಅವಳು ಶೇಂಗಾ ಸುಲಿಯುತ್ತಿದ್ದಳು, ಸುಲಿದದ್ದನ್ನೇ ಮತ್ತೆ ಕೈಗೆ ತೆಗೆದುಕೊಳ್ಳುತ್ತಿದ್ದಳು.

ಒಂದು ದಿನ ಅವಳು ತಾನೇ ಕೆಳಗಿಳಿದು ಶೇಠರ ಹತ್ತಿರ ಹೋದಳು. ನಾನೂ ಹಿಂದೆ ಹೋದೆ.

"ಕಾಕಾ, ಇದೊಂದ್ ದಿನ ಅದು ಗುಡ್ಡಾ ದಾಟಿ ಹೋಗ್ಲಿರಿ," ಎಂದಳು. ದನಿ ಎತ್ತರಿಸಲಿಲ್ಲ.

ಶೇಠರು ಕೆಟ್ಟವರಲ್ಲ. ಅವರಿಗೆ ನಿಜವಾಗಿಯೂ ಪೇಚಾಯಿತು. "ತಂಗಿ, ಅದು ಹಳಿ ಮ್ಯಾಲ ಓಡ್ತದವಾ. ಹಳಿ ಇರೂದ ಅಲ್ಲೀತನಕಾ," ಎಂದರು. "ಮತ್ತ ಮುಳಗಲಿಲ್ಲಂದ್ರ ಮಂದಿ ಯಾತಕ್ಕ ಬರ್ತಾರ ಹೇಳು," ಎಂದೂ ಸೇರಿಸಿದರು.

ಆ ಎರಡನೆಯ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ, ಏಕೆಂದರೆ ಅದು ನಿಜ. ದಾಟಿ ಹೋದ ಹಡಗುಗಳ ಹೆಸರು ನಿಮಗಾಗಲಿ ನನಗಾಗಲಿ ಗೊತ್ತಿಲ್ಲ. ಮುಳುಗಿದ್ದರ ವಿಷಯದಲ್ಲಾದರೂ ನಮಗೆ ನೆನಪಿರುವುದೇನು? ಹಾಡು, ಕೈ ಚಾಚಿದ ಭಂಗಿ. ನಾನು ವಾಚನಾಲಯಕ್ಕೆ ಹೋಗಿ ಓದಿ ನೋಡಿದೆ. ಅಲ್ಲಿದ್ದ ಜನಕ್ಕೆಲ್ಲ ಸಾಲುವಷ್ಟು ಜೀವರಕ್ಷಕ ದೋಣಿಗಳಿರಲಿಲ್ಲವಂತೆ. ಹತ್ತಿರದಲ್ಲೇ ಇನ್ನೊಂದು ಹಡಗು ನಿಂತಿತ್ತಂತೆ. ಅದರ ನಿಸ್ತಂತು ಯಂತ್ರದವನು ಯಂತ್ರ ಮುಚ್ಚಿ ಮಲಗಿದ್ದರಿಂದ ಕರೆ ಕೇಳಲೇ ಇಲ್ಲ. ಹಡಗಿನಲ್ಲಿ ಹಗಲೂ ರಾತ್ರಿ ಯಾರಾದರೊಬ್ಬರು ಕರೆಗೆ ಕಿವಿಗೊಟ್ಟು ಕೂತಿರಬೇಕೆಂಬ ನಿಯಮ ಹುಟ್ಟಿದ್ದು ಆಮೇಲೆ. ಇದನ್ನು ಯಾವ ರಿಕ್ಷಾದ ಹಿಂದೆಯೂ ಬರೆದದ್ದು ನಾನು ಕಾಣೆ.

ಅದನ್ನು ಓದಿದ ಮೇಲೆ ನನಗೆ ಹೊಸ ಹೆದರಿಕೆ ಹತ್ತಿತು. ಆ ಗದ್ದಲದಲ್ಲಿ ನಮ್ಮ ಫೋನು ಬಡಿದುಕೊಂಡರೂ ಕೇಳಿಸುವಂತಿರಲಿಲ್ಲ. ಪ್ರಕಾಶನ ಕರೆ ಆಗಲೇ ಬಂದು ಹೋಗಿದ್ದರೆ? ಸುನಂದಾಳಿಗೆ ಈ ಅನುಮಾನ ಹೇಳಲಿಲ್ಲ. ಆಟ ಶುರುವಾದೊಡನೆ ನಾನು ಫೋನಿನ ಮೇಲೆ ಅಂಗೈ ಊರಿ ಕೂಡತೊಡಗಿದೆ, ಕೇಳಿಸದಿದ್ದರೂ ನಡುಗಿದ್ದಾದರೂ ತಿಳಿಯಲಿ ಎಂದು. ನೋಡಿದವರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ಕೂತಂತೆ ಕೂತಿದ್ದೀರಿ ಎಂದು ನಗುತ್ತಿದ್ದರು. ನಗಲಿ.

ವಿಸರ್ಜನೆಯ ಹಿಂದಿನ ಸಂಜೆ, ಕೆಳಗೆ ಹಡಗು ಸರಿಯಾಗಿ ಒಡೆಯುವ ಹೊತ್ತಿಗೆ, ಅಂಗೈಯ ಕೆಳಗೆ ಫೋನು ನಡುಗಿತು. ರಿಸೀವರು ಎತ್ತಿ ಕಿವಿಗೆ ಒತ್ತಿಕೊಂಡೆ. ದೂರದಿಂದ ಪ್ರಕಾಶನ ದನಿ, ಗಾಬರಿಯ ದನಿ.

"ಕಾಕಾ, ಅಲ್ಲೇನಾಗೇದ್ರಿ? ಮಂದಿ ಯಾಕ ಹಂಗ ಚೀರಾಕತ್ತಾರ? ಸುನಂದಾ ಎಲ್ಲಿ ಅದಾಳ?"

ರಿಸೀವರನ್ನು ಅವಳ ಕೈಗೆ ಕೊಟ್ಟೆ. ಅವಳು ಎರಡೂ ಕೈಯಿಂದ ಹಿಡಿದುಕೊಂಡು, "ನಾ ಇಲ್ಲೇ ಅದೀನ್ರಿ, ಏನೂ ಆಗಿಲ್ಲ. ಒಂದ್ ಗಳಿಗಿ ತಡೀರಿ, ಈಗ ಮುಳಗಿ ಮುಗೀತದ," ಎಂದಳು.

ಮುಗಿಯಿತು. ಅವರು ಮಾತಾಡಿದರು. ನಾನೂ ನನ್ನ ಹೆಂಡತಿಯೂ ಅಡಿಗೆಮನೆಗೆ ಸರಿದೆವು.

ಆಮೇಲೆ ಸುನಂದಾ ಬಂದು ಹೇಳಿದಳು: ಎಂಜಿನ್ ಕೆಟ್ಟು ಹಡಗು ಬಂದರಿನ ಹೊರಗೇ ಲಂಗರು ಹಾಕಿ ನಿಂತಿತ್ತಂತೆ. ದಂಡೆ ಕಣ್ಣಿಗೆ ಕಾಣುತ್ತಿದ್ದರೂ ಇಳಿಯುವಂತಿರಲಿಲ್ಲ. ರಿಪೇರಿ ಮಾಡಿ ಮಾಡಿ ದಣಿದವರಿಗೆ ಬೇಸರ ಕಳೆಯಲೆಂದು ಒಂದು ಸಿನಿಮಾದ ಕ್ಯಾಸೆಟ್ ಹಾಕಿದ್ದರಂತೆ. ಯಾವ ಸಿನಿಮಾ ಎಂದು ನಾನು ಕೇಳಬೇಕಾಗಿರಲಿಲ್ಲ.

"ಪೂರಾ ನೋಡಿದ್ನಂತೇನು?" ಎಂದೆ.

"ಇಲ್ರಿ ಕಾಕಾ. ಹಡಗ ಮುಳುಗೂಕ್ಕಿಂತ ಮೊದಲ ನಿದ್ದಿ ಹತ್ತಿತಂತ. ಅವರಿಬ್ಬರ ಪ್ರೀತಿ ಭಾಳ ಉದ್ದ ಆತು ಅಂದ್ರು," ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗುತ್ತಲೂ ಇದ್ದಳು.

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ನಾವಿಲ್ಲಿ ಗಟ್ಟಿ ನೆಲದ ಮೇಲೆ ಜೀವ ಕೈಯಲ್ಲಿ ಹಿಡಿದು ಕೂತಿರುವಾಗ ಇವನು ನೀರಿನ ಮೇಲೆ ಗೊರಕೆ ಹೊಡೆದನೇ? ಆದರೆ ಚಹಾ ಕುಡಿಯುತ್ತ ಯೋಚಿಸಿದರೆ, ಸಮುದ್ರದ ಮೇಲಿರುವ ಮನುಷ್ಯನೊಬ್ಬ ಕಣ್ತುಂಬ ನಿದ್ದೆ ಮಾಡಿದ ಎಂಬುದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನಿದ್ದೀತು ಎನ್ನಿಸಿತು. ಅದನ್ನು ನೋಡಲು ಯಾರೂ ಟಿಕೇಟು ಕೊಳ್ಳುವುದಿಲ್ಲ, ಅಷ್ಟೇ.